ಹುಳ ಇರುವ ಮನೆ

ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನ್ನ ಎಡಗೈ ಮುರಿದರು. ಹೀಗೆಂದು ನಾನು ಮೂವತ್ತು ವರ್ಷ ಹೇಳಿಕೊಂಡು ಬಂದಿದ್ದೇನೆ. ಈಗ ಹೇಳುವಾಗ ‘ಬಹುಶಃ’ ಎಂದು ಸೇರಿಸಬೇಕಾಗಿದೆ. ಅದಕ್ಕೆ ಕಾರಣ ಕೋಲಾರದ ಒಬ್ಬ ಡಾಕ್ಟರು.

ಹೋದ ಚಳಿಗಾಲದಲ್ಲಿ ಸ್ಕೂಟರಿನಿಂದ ಜಾರಿ ಬಿದ್ದು, ಎಡಗೈ ಊದಿಸಿಕೊಂಡು ಅವರ ಮುಂದೆ ಕೂತಿದ್ದೆ. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, “ಏನೂ ಆಗಿಲ್ಲ ಸಾರ್, ಉಳುಕು ಅಷ್ಟೆ” ಎಂದರು.

“ಹಳೇ ಮುರಿತ ಒಂದು ಕಾಣಿಸ್ತಿರಬೇಕಲ್ಲ?”

“ಎಲ್ಲಿ?”

“ಮೊಣಕೈ ಹತ್ತಿರ. ಚಿಕ್ಕಂದಿನಲ್ಲಿ ಆಗಿದ್ದು.”

ಅವರು ಕನ್ನಡಕ ಮೇಲೆ ಮಾಡಿ ನೋಡಿದರು, ಕೆಳಗೆ ಮಾಡಿ ನೋಡಿದರು. “ಈ ಕೈ ಯಾವತ್ತೂ ಮುರಿದ ಹಾಗಿಲ್ಲವಲ್ಲ ಸಾರ್.”

“ಸರಿಯಾಗಿ ನೋಡಿ. ನಂಗೆ ಚೆನ್ನಾಗಿ ನೆನಪಿದೆ. ಟಕ್ ಅಂತ ಶಬ್ದ ಕೂಡ ಬಂತು.”

ನನ್ನ ಮುಖ ನೋಡಿ ಅವರಿಗೆ ಕನಿಕರ ಬಂತೆಂದು ಕಾಣುತ್ತದೆ. ಮಕ್ಕಳ ಮೂಳೆ ಗುರುತೇ ಸಿಗದ ಹಾಗೆ ಕೂಡಿಕೊಳ್ಳುವುದೂ ಉಂಟು ಎಂದು ಸಮಾಧಾನ ಹೇಳಿದರು. ಕೊನೆಗೆ ಚೀಟಿ ಬರೆಯುತ್ತಾ, “ಅಥವಾ ಬೇರೆ ಯಾರದ್ದಾದರೂ ಕೈ ಇರಬೇಕು ಬಿಡಿ” ಎಂದು ನಕ್ಕರು.

ನಾನು ನಗಲಿಲ್ಲ. ನಾನು ಓದಿದ್ದು ಇತಿಹಾಸ. ಮಾಲೂರಿನ ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕ. ಹನ್ನೆರಡು ವರ್ಷವಾದರೂ ಇನ್ನೂ ಅತಿಥಿಯೇ. “ಆಧಾರ ಏನು? ಬರೆದಿಟ್ಟವರು ಯಾರು? ಅವರು ಕಣ್ಣಾರೆ ಕಂಡಿದ್ದರಾ?” ಎಂದು ದಿನಕ್ಕೆ ನಾಲ್ಕು ಸಲ ಹುಡುಗರ ಪ್ರಾಣ ತಿನ್ನುವವನು. ಅಂಥವನಿಗೆ ಸ್ವಂತ ಮೊಣಕೈಯ ಬಗ್ಗೆಯೇ ಆಧಾರವಿಲ್ಲ ಎಂದಾದರೆ ಹೇಗೆ?

ನಾನು ಹೇಳುತ್ತಿದ್ದ ಕಥೆ ಇದು. ನಮ್ಮ ಊರು ಶ್ರೀನಿವಾಸಪುರದಿಂದ ಗೌನಿಪಲ್ಲಿ ಕಡೆಗೆ ಹೋಗುವ ದಾರಿಯಲ್ಲಿದೆ. ಸುತ್ತ ಮಾವಿನ ತೋಪು, ನಡುವೆ ನಮ್ಮದೊಂದು ತುಂಡು ಹಿಪ್ಪುನೇರಳೆ ತೋಟ. ಮನೆಯಲ್ಲಿ ಎರಡು ಕೋಣೆ. ದೊಡ್ಡದರಲ್ಲಿ ರೇಷ್ಮೆ ಹುಳ, ಚಿಕ್ಕದರಲ್ಲಿ ನಾವು ನಾಲ್ಕು ಜನ. ಹುಳಕ್ಕೆ ಸಿಗುತ್ತಿದ್ದ ಮರ್ಯಾದೆ ನಮ್ಮ ಕಡೆ ಅಳಿಯಂದಿರಿಗೂ ಸಿಗುವುದಿಲ್ಲ. ಹುಳ ಇದ್ದಾಗ ಒಗ್ಗರಣೆ ಹಾಕುವಂತಿಲ್ಲ, ಊದುಬತ್ತಿ ಹಚ್ಚುವಂತಿಲ್ಲ, ಬೀಡಿ ಸೇದಿದವರು ಹೊಸಿಲು ದಾಟುವಂತಿಲ್ಲ. ಘಮಘಮ ಪೌಡರ್ ಬಳಿದುಕೊಂಡು ಬಂದ ಸೋದರತ್ತೆಯನ್ನು ಒಮ್ಮೆ ಜಗುಲಿಯಲ್ಲೇ ಕೂರಿಸಿ, ಕಾಫಿ ಕೊಟ್ಟು ಕಳಿಸಿದ್ದರು. ಆಕೆ ಆಮೇಲೆ ಎರಡು ವರ್ಷ ಬರಲಿಲ್ಲ. ಹುಳ ಚೆನ್ನಾಗಿ ಗೂಡು ಕಟ್ಟಿತು ಎಂದು ಅಪ್ಪನಿಗೆ ಆ ಬಗ್ಗೆ ಬೇಸರವಿರಲಿಲ್ಲ.

ಎಲ್ಲಕ್ಕಿಂತ ದೊಡ್ಡ ನಿಯಮ, ಹುಳ ಇರುವ ಮನೆಯಲ್ಲಿ ಕೂಗಾಡುವಂತಿಲ್ಲ ಎನ್ನುವುದು. ಅಪ್ಪ ನಮ್ಮ ಕಡೆ ಕೈ ಎತ್ತಿದರೆ ಅಮ್ಮ ಒಳಗಿನಿಂದಲೇ ಪಿಸುಗುಟ್ಟುತ್ತಿದ್ದಳು: “ಹುಳ ಬೆದರ್ತವೆ, ಆಚೆ ಕರ್ಕೊಂಡೋಗಿ ಹೊಡೀರಿ.” ಅಪ್ಪ ನಮ್ಮ ರಟ್ಟೆ ಹಿಡಿದು ಆಚೆ ಬರುವಷ್ಟರಲ್ಲಿ ಚಪ್ಪಲಿ ಸಿಗುತ್ತಿರಲಿಲ್ಲ; ಸಿಕ್ಕಿದರೆ ದಾರಿಯಲ್ಲಿ ಹೋಗುವ ಯಾರಾದರೂ “ಏನಣ್ಣಾ, ಹುಳ ಎಷ್ಟನೇ ಜ್ವರ?” ಎಂದು ಕೇಳುತ್ತಿದ್ದರು. ಹುಳ ಪೊರೆ ಕಳಚುವ ಮುಂಚೆ ಮೇವು ಬಿಟ್ಟು ತಲೆ ಎತ್ತಿ ಸುಮ್ಮನೆ ಕೂರುತ್ತದೆ, ಅದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ಅಂಥ ನಾಲ್ಕು ಜ್ವರ. ಅಪ್ಪ ಉತ್ತರ ಹೇಳಲು ನಿಂತರೆ ಹುಳದ ಯೋಗಕ್ಷೇಮದಲ್ಲಿ ನಮ್ಮ ತಪ್ಪು ಮರೆತೇ ಹೋಗುತ್ತಿತ್ತು. ಹೀಗಾಗಿ ಅಣ್ಣನೂ ನಾನೂ ನಮ್ಮ ಕಿಡಿಗೇಡಿತನಗಳನ್ನು ಹುಳದ ಜ್ವರ ನೋಡಿಕೊಂಡು ಮಾಡುತ್ತಿದ್ದೆವು. ಮಾರ್ಕ್ಸ್ ಕಾರ್ಡಿಗೆ ರುಜು ಹಾಕಿಸುವುದು ಯಾವಾಗಲೂ ನಾಲ್ಕನೇ ಜ್ವರದಲ್ಲೇ. ಗೂಡು ಬಿಡಿಸಿ ಮಾರ್ಕೆಟ್ಟಿಗೆ ಸಾಗಿಸಿದ ಮೇಲೆ ಮನೆ ಖಾಲಿಯಾಗುತ್ತಿತ್ತು. ಆಗ ನಾವಿಬ್ಬರೂ ಬಹಳ ವಿಧೇಯರಾಗಿರುತ್ತಿದ್ದೆವು. ಹಾಗಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಸೊಪ್ಪು ಹುಳಕ್ಕೆ, ಕಡ್ಡಿ ನಮಗೆ. ಹಿಪ್ಪುನೇರಳೆ ಕಡ್ಡಿ ಉದ್ದ, ನೇರ, ಬಳುಕುತ್ತದೆ, ಬೇಗ ಮುರಿಯುವುದಿಲ್ಲ. ವರ್ಷಕ್ಕೊಮ್ಮೆ ಅದರ ಒಂದು ಕಟ್ಟನ್ನು ಅಪ್ಪ ಶಾಲೆಗೂ ಕೊಟ್ಟು ಬರುತ್ತಿದ್ದರು: “ಎರಡು ಕಣ್ಣು ನಮ್ಗೆ ಬಿಡಿ ಸಾರ್, ಮಿಕ್ಕಿದ್ದೆಲ್ಲಾ ನಿಮ್ದೇ.” ಎಲ್ಲರ ಅಪ್ಪಂದಿರೂ ಹಾಗೇ ಹೇಳುತ್ತಿದ್ದುದರಿಂದ ಶಾಲೆಯಲ್ಲಿ ಕಡ್ಡಿಗೆ ಬರವಿರಲಿಲ್ಲ.

ನಾನು ಮೂರನೇ ಕ್ಲಾಸಿನಲ್ಲಿದ್ದ ವರ್ಷ ಊಜಿ ನೊಣದ ಕಾಟ ಜಾಸ್ತಿಯಾಗಿತ್ತು. ಅದು ಹುಳದ ಮೈಮೇಲೆ ಮೊಟ್ಟೆ ಇಟ್ಟು ಹುಳವನ್ನು ಹಾಳು ಮಾಡುವ ನೊಣ. ಅಪ್ಪ ಬೆಳಗ್ಗೆ ಎದ್ದರೆ ಅದಕ್ಕೇ ಶಾಪ ಹಾಕುತ್ತಿದ್ದರು. ಅದೇ ಹೊತ್ತಿಗೆ ಸೋದರಮಾವ ಕೋಲಾರದಿಂದ ಸೊಳ್ಳೆ ಬತ್ತಿಯ ಪೊಟ್ಟಣ ತಂದುಕೊಟ್ಟಿದ್ದ. ಹಸಿರು ಚಕ್ಕುಲಿಯಂಥದ್ದು, ಹಚ್ಚಿದರೆ ಸೊಳ್ಳೆ ಪಟಪಟ ಬೀಳುತ್ತವೆ ಎಂದ. ಸೊಳ್ಳೆ ಬೀಳುವುದಾದರೆ ನೊಣ ಯಾಕೆ ಬೀಳಬಾರದು? ನಾಲ್ಕನೇ ಜ್ವರ ಎದ್ದ ಹುಳ ಇನ್ನೆರಡು ದಿನಕ್ಕೆ ಹಣ್ಣಾಗಿ ಗೂಡಿಗೆ ಬರಬೇಕು ಎನ್ನುವಾಗ, ಹುಳದ ತಟ್ಟೆಗಳ ಸಾಲಿನ ಕೆಳಗೆ ಮೂರು ಬತ್ತಿ ಹಚ್ಚಿಟ್ಟು ನಾನು ಶಾಲೆಗೆ ಹೋದೆ. ಅಪ್ಪನಿಗೆ ಉಪಕಾರ ಮಾಡಿದೆನೆಂದು ಇಡೀ ದಿನ ಹೆಮ್ಮೆಯಿಂದಿದ್ದೆ.

ಸಂಜೆ ಬಂದರೆ ಹುಳಗಳೆಲ್ಲ ತಲೆ ಒದರಿಕೊಂಡು, ಹಸಿರು ಕಕ್ಕಿಕೊಂಡು, ಸೊಪ್ಪಿನ ಮೇಲೆ ಸತ್ತು ಬಿದ್ದಿದ್ದವು. ಒಂದು ಊಜಿ ನೊಣ ಮಾತ್ರ ಕಿಟಕಿಯ ಹತ್ತಿರ ಗುಂಯ್‌ಗುಡುತ್ತಿತ್ತು.

ಅಪ್ಪ “ಯಾರು?” ಎಂದರು. ಮನೆಯಲ್ಲಿ ಬದುಕಿದ ಹುಳ ಇರಲಿಲ್ಲವಲ್ಲ, ಅವತ್ತು ಯಾರನ್ನೂ ಆಚೆ ಕರೆದುಕೊಂಡು ಹೋಗುವ ಅಗತ್ಯ ಬೀಳಲಿಲ್ಲ. ರಟ್ಟೆ ಹಿಡಿದು ತಿರುಚಿ ಬಾಗಿಲ ಚೌಕಟ್ಟಿಗೆ ಎಸೆದರು. ಟಕ್ ಎಂದಿತು. ಅಣ್ಣ ಕಂಬದ ಹಿಂದೆ ನಿಂತು ನೋಡುತ್ತಿದ್ದ.

ಈ ಕಥೆ ನನ್ನನ್ನು ಚೆನ್ನಾಗಿ ಸಾಕಿತು. ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಇದರಿಂದ ಗೆಳೆಯರಾದರು. ನನ್ನ ಹೆಂಡತಿ ಇದನ್ನು ಕೇಳಿಯೇ ಮದುವೆಗೆ ಒಪ್ಪಿದ್ದಂತೆ. ಹಾಗೆಂದು ಅವಳು ನೆಂಟರ ಮುಂದೆಲ್ಲ ಹೇಳುತ್ತಾಳೆ. ಕಾಲೇಜಿನ ಸ್ಟಾಫ್ ರೂಮಿನಲ್ಲಂತೂ ಬಿಡುವಿದ್ದಾಗ ಒಂದು ಪಂದ್ಯವೇ ನಡೆಯುತ್ತದೆ, ಯಾರಿಗೆ ಚಿಕ್ಕಂದಿನಲ್ಲಿ ಹೆಚ್ಚು ಏಟು ಬಿದ್ದಿದೆ ಎಂದು. ಒಬ್ಬರನ್ನು ಎತ್ತಿನ ಗೂಟಕ್ಕೆ ಕಟ್ಟಿದ್ದರು. ಇನ್ನೊಬ್ಬರಿಗೆ ಮೆಣಸಿನಕಾಯಿ ಹೊಗೆ ಹಾಕಿದ್ದರು. ಹೇಳುವವರಿಗೂ ಕೇಳುವವರಿಗೂ ನಕ್ಕು ನಕ್ಕು ಕಣ್ಣಲ್ಲಿ ನೀರು. ಕೊನೆಗೆ ಯಾರಾದರೊಬ್ಬರು, “ಅದಕ್ಕೇ ಅಲ್ವಾ ಸಾರ್ ನಾವು ಉದ್ಧಾರ ಆಗಿದ್ದು” ಎಂದು ಮುಗಿಸುತ್ತಾರೆ. ಆಮೇಲೆ ಗಂಟೆ ಹೊಡೆಯುತ್ತದೆ, ಉದ್ಧಾರವಾದವರೆಲ್ಲ ಡಸ್ಟರ್ ಹಿಡಿದು ಕ್ಲಾಸಿಗೆ ಹೋಗುತ್ತೇವೆ. ನನ್ನ ಮುರಿದ ಕೈಗೆ ಯಾವಾಗಲೂ ಮೊದಲ ಬಹುಮಾನ. ಆ ಎಕ್ಸ್‌ರೇ ನನ್ನಿಂದ ಕಿತ್ತುಕೊಂಡದ್ದು ಸಣ್ಣದೇನಲ್ಲ.

ಮುಂದಿನ ಭಾನುವಾರ ಕೈಗೆ ಜೋಳಿಗೆ ಕಟ್ಟಿಕೊಂಡೇ ಊರಿಗೆ ಹೋದೆ. ಅಪ್ಪ ತೀರಿಕೊಂಡು ಬಹಳ ದಿನವಾಯಿತು. ಅಮ್ಮ ಅಣ್ಣನ ಜೊತೆ ಇದ್ದಾಳೆ. ಅಣ್ಣ ನನಗಿಂತ ಮೂರು ವರ್ಷ ದೊಡ್ಡವನು; ನರಸಾಪುರದ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಶ್ರೀನಿವಾಸಪುರದವರೆಗೆ ಬೈಕು, ಅಲ್ಲಿಂದ ಕಂಪನಿ ಬಸ್ಸು. ಹುಳ ನೋಡಿಕೊಳ್ಳುವವರು ಅತ್ತಿಗೆ. ಈಗ ಹುಳಕ್ಕೆ ಮನೆಯ ಹಿಂದೆ ಬೇರೆಯೇ ಶೆಡ್ಡು ಕಟ್ಟಿಸಿದ್ದಾರೆ. ಮನೆಯಲ್ಲಿ ಧಾರಾಳವಾಗಿ ಒಗ್ಗರಣೆ ಹಾಕಬಹುದು, ಪೌಡರ್ ಬಳಿದುಕೊಳ್ಳಬಹುದು, ಕೂಗಾಡಬಹುದು.

“ಏನ್ಲಾ, ಪುಸ್ತಕ ಎತ್ತಿ ಎತ್ತಿ ಕೈ ಸೋತೋಯ್ತಾ?” ಎಂದು ಅಣ್ಣ ಸ್ವಾಗತಿಸಿದ.

ಹಜಾರದಲ್ಲಿ ಚಾಪೆಯ ಮೇಲೆ ಕಾಫಿ ಕುಡಿಯುತ್ತಾ ಕೂತಿದ್ದೆವು. ನನ್ನ ಪಕ್ಕ ಅಣ್ಣನ ಮಗಳು, ನಾಲ್ಕನೇ ಕ್ಲಾಸು, ಮನೆಯಲ್ಲಿ ಎಲ್ಲರಿಗೂ ‘ಪಾಪ’. ಅಣ್ಣ ಸ್ನಾನಕ್ಕೆಂದು ಎದ್ದು, ನಮ್ಮ ತಲೆಯ ಮೇಲಿದ್ದ ಹಗ್ಗದಿಂದ ಟವೆಲು ಎಳೆದುಕೊಳ್ಳಲು ಕೈ ಎತ್ತಿದ. ಪಾಪ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನೆಲಕ್ಕೆ ಕುಸಿದಳು. ಅದೇ ಕ್ಷಣ ನಾನೂ ಕುಸಿದಿದ್ದೆ. ಕಾಫಿಯೆಲ್ಲ ನನ್ನ ಜೋಳಿಗೆಗೆ ಬಿತ್ತು.

ಅಮ್ಮ ನಕ್ಕಳು. ಪಾಪ ನಕ್ಕಳು. ನಾನೂ ನಕ್ಕೆ. ಅಣ್ಣನಿಗೆ ನಗು ತಡೆಯಲಾಗಲಿಲ್ಲ. “ನೋಡಮ್ಮೋ! ನಾಲ್ಕನೇ ಕ್ಲಾಸೂ ಬಗ್ತು, ಎಂ.ಎ.ನೂ ಬಗ್ತು!”

ನಗದೆ ಇದ್ದವರು ಅತ್ತಿಗೆ ಒಬ್ಬರೇ. ಅಣ್ಣ ಬಚ್ಚಲಿಗೆ ಹೋದದ್ದೇ, “ಬನ್ನಿ, ಹುಳ ನೋಡ್ಕೊಂಡು ಬರೋರಂತೆ” ಎಂದು ನನ್ನನ್ನು ಶೆಡ್ಡಿಗೆ ಕರೆದುಕೊಂಡು ಹೋದರು. ಒಳಗೆ ಸೊಪ್ಪು ತಿನ್ನುವ ಸರಸರ ಸದ್ದು, ಸಣ್ಣ ಸೋನೆ ಹಿಡಿದ ಹಾಗೆ. ಮೂಲೆಯಲ್ಲಿ ಒಂದು ಚಾಪೆ, ಸ್ಕೂಲ್ ಬ್ಯಾಗು, ನೀರಿನ ಬಾಟಲಿ, ತಿಂದು ತೊಳೆದಿಟ್ಟ ತಟ್ಟೆ.

“ಪಾಪ ಇಲ್ಲೇ ಇರ್ತಾಳೆ,” ಎಂದರು ಅತ್ತಿಗೆ, ಪಿಸುದನಿಯಲ್ಲಿ. “ಓದೋದು ಇಲ್ಲೇ, ಉಣ್ಣೋದು ಇಲ್ಲೇ. ಬಿಟ್ರೆ ಮಲಗೋದೂ ಇಲ್ಲೇ. ಊರೋರೆಲ್ಲ, ಮಗಿಗೆ ಹುಳ ಅಂದ್ರೆ ಏನ್ ಪ್ರೀತಿ ಅಂತಾರೆ. ಪ್ರೀತಿ ಅಲ್ಲ. ಹುಳ ಇರೋ ಕಡೆ ಹೊಡೆಯಂಗಿಲ್ಲ ಅಂತ ಅತ್ತೆ ಕಥೆ ಹೇಳವ್ರೆ. ಹೋದ್ ತಿಂಗ್ಳು ಲೆಕ್ಕದಾಗೆ ಕಮ್ಮಿ ಬಂತು ಅಂತ ಇವ್ರು ಕಡ್ಡಿ ಹಿಡ್ಕೊಂಡು ಅಟ್ಟಿಸ್ಕೊಂಡು ಬಂದ್ರು. ಇವ್ಳು ಓಡಿ ಬಂದು ಶೆಡ್ಡೊಳಕ್ಕೆ ನುಗ್ಗಿದ್ಲು. ಇವ್ರು ಬಾಗಿಲ ತಾವ ನಿಂತ್ಕೊಂಡು, ‘ಹುಳ ಐತೆ’ ಅಂತ ಹಂಗೇ ವಾಪಸ್ ಹೋದ್ರು. ಅವತ್ತಿಂದ ಹಿಂಗೇ.”

ನಾನು ಚಾಪೆ ನೋಡಿದೆ. ಹುಳದ ಅಟ್ಟಣೆಗೆ ಎಷ್ಟು ಹತ್ತಿರವಾಗುತ್ತದೋ ಅಷ್ಟು ಹತ್ತಿರ ಹಾಸಿತ್ತು.

“ಇನ್ನೆಂಟು ದಿನಕ್ಕೆ ಹುಳ ಹಣ್ಣಾಗ್ತವೆ. ಗೂಡು ಮಾರ್ಕೆಟ್ಟಿಗೆ ಹೋಗ್ತದೆ. ಆಮೇಲೆ ಶೆಡ್ಡು ತೊಳೆದು ಬೀಗ ಹಾಕ್ತೀವಿ. ಆಗ ಇವ್ಳು ಎಲ್ಲಿ ಹೋಗ್ತಾಳೆ ಹೇಳಿ? ನಾನು ಹೇಳಿದ್ರೆ ‘ನಾವು ತಿಂದಿಲ್ವಾ ಏಟು, ನಮಗೇನಾಯ್ತು’ ಅಂತಾರೆ. ನೀವು ಓದಿರೋರು. ನಿಮ್ ಕೈ ಮುರಿದಿದ್ದು ಹೇಳಿ. ಅದಕ್ಕಾದ್ರೂ ಬಗ್ಗಿದ್ರೆ ಬಗ್ಗಿದ್ರು.”

ನನ್ನ ಬತ್ತಳಿಕೆಯಲ್ಲಿದ್ದದ್ದು ಅದೊಂದೇ ಬಾಣ. ಅದು ಹೋದ ವಾರವಷ್ಟೇ ಕೋಲಾರದ ಕಿಟಕಿಯ ಬೆಳಕಿನಲ್ಲಿ ಮಾಯವಾಗಿತ್ತು. ಅದನ್ನು ಅತ್ತಿಗೆಗೆ ಹೇಳುವ ಧೈರ್ಯ ಬರಲಿಲ್ಲ.

ಆದರೂ ಊಟಕ್ಕೆ ಕೂತಾಗ ಶುರು ಮಾಡಿದೆ. “ಅಣ್ಣಾ, ಏಟಿನಿಂದ ಏನೂ ಆಗಲ್ಲ ಅಂತೀಯಲ್ಲ, ಅಪ್ಪ ನನ್ನ ಕೈ ಮುರಿದಿದ್ದು ಮರೆತೋಯ್ತಾ?”

ಅಣ್ಣ ಮುದ್ದೆ ಮುರಿಯುತ್ತಿದ್ದವನು ನಿಲ್ಲಿಸಿದ. “ನಿನ್ ಕೈನಾ? ನಿನ್ ಕೈ ಯಾವಾಗ್ಲಾ ಮುರೀತು? ಮುರಿದಿದ್ದು ನನ್ದು.” ಎಡಗೈ ಚಾಚಿ ತೋರಿಸಿದ. ಅದು ಮೊಣಕೈಯ ಹತ್ತಿರ ಕೊಂಚ ಬಾಗಿಯೇ ಇರುತ್ತದೆ, ಪೂರ್ತಿ ಚಾಚಲು ಬರುವುದಿಲ್ಲ. ಚಿಕ್ಕಂದಿನಿಂದ ನೋಡಿದ ಕೈ, ಹಾಗಾಗಿ ನಾನು ಅದನ್ನು ನೋಡಿಯೇ ಇರಲಿಲ್ಲ.

“ಅದು ಮಾವಿನ ಮರದಿಂದ ಬಿದ್ದಿದ್ದಲ್ವಾ?”

“ಹೂಂ ಮತ್ತೆ. ಬಾವಿ ಪಕ್ಕದ ತೋಪು, ಎರಡನೇ ಮರ. ಬೆನ್ನಿಶಾ ಹಣ್ಣಿಗೆ ಅಂತ ಹತ್ತಿದ್ದೆ. ಕೊಂಬೆ ಲಟಕ್ ಅಂತು. ಇವತ್ತಿಗೂ ಕಣ್ಮುಂದೆ ಐತೆ.” ಬೆನ್ನಿಶಾ ನಮ್ಮ ಕಡೆಯ ಬೇಸಿಗೆಯ ಹಣ್ಣು. ಅವನು ಹೇಳುವಾಗ ನನಗೇ ಅದರ ವಾಸನೆ ಬಂತು.

“ಮತ್ತೆ ನನ್ನ ಕೈ?”

ಅಮ್ಮ ನಡುವೆ ಬಂದಳು. “ಊರ್ಕೋರಾ ನೀನು. ನಿನ್ ಮೈಮೇಲೆ ನಿಮ್ಮಪ್ಪ ಎಲ್ಲಿ ಕೈ ಹಾಕಿದ್ರು? ಹೊಡೆಯೋಕ್ ಮುಂಚೆನೇ ಬೀದಿಗೆಲ್ಲ ಕೇಳಂಗೆ ಅರಚ್ತಿದ್ದೆ. ಸಾರು ಹಾಕ್ಲಾ?” ತೆಲುಗಿನಲ್ಲಿ ಬಾಯಿ ಮುಚ್ಚಿಸಿ ಕನ್ನಡದಲ್ಲಿ ಸಾರು ಬಡಿಸುವುದು ಅವಳ ಹಳೆಯ ಕ್ರಮ. ಆದರೆ ಈ ಸಲ ಸಾರು ಬಹಳ ಬೇಗ ಬಂತು.

“ನನಗೆ ಅಪ್ಪ ಹೊಡೆದವ್ರೆ,” ಎಂದ ಅಣ್ಣ. “ಬೇಕಾದಷ್ಟು. ಏನಾಯ್ತೀಗ? ಚೆನ್ನಾಗೇ ಇದೀನಲ್ಲ.” ಎಂದವನು ಹೆಮ್ಮೆಯಿಂದ ಪಾಪಳ ಕಡೆ ತಿರುಗಿದ. ಪಾಪ ತಟ್ಟೆ ಎತ್ತಿಕೊಂಡು ಶೆಡ್ಡಿಗೆ ಹೊರಟಿದ್ದಳು.

ವಾಪಸ್ಸು ಬರುವ ಬಸ್ಸಿನಲ್ಲಿ ಎರಡು ಸಂಗತಿ ನನ್ನನ್ನು ಕೊರೆಯುತ್ತಿದ್ದವು. ಒಂದು, ನನಗೆ ಹೊಡೆದೇ ಇಲ್ಲವಾದರೆ ನಾನು ಯಾಕೆ ಬಗ್ಗಿದೆ? ಎರಡು, ಅಮ್ಮನ ಸಾರು.

ಬುಧವಾರ ರಜೆ ಹಾಕಿ ನಾವು ಓದಿದ ಶಾಲೆಗೆ ಹೋದೆ. ಹಳೆಯ ಹಾಜರಿ ಪುಸ್ತಕಗಳು ಕಬ್ಬಿಣದ ಟ್ರಂಕಿನಲ್ಲಿದ್ದವು. ಮುಖ್ಯೋಪಾಧ್ಯಾಯಿನಿ ಶ್ರೀನಿವಾಸಪುರದವರು, ನಗುಮುಖದ ಹೆಂಗಸು. “ಇಲ್ಲೇ ಕೂತು ನೋಡ್ಬೇಕು ಸಾರ್, ಆಚೆಗೆ ಕೊಡಂಗಿಲ್ಲ” ಎಂದು, ತಾವೂ ಒಂದು ಕುರ್ಚಿ ಎಳೆದುಕೊಂಡು ಕೂತರು. ಮೂರನೇ ಕ್ಲಾಸಿನ ಪುಸ್ತಕ ಮೊದಲು ಸಿಕ್ಕಿತು. ಅಂಚನ್ನು ಇಲಿ ತಿಂದಿತ್ತು, ನಡುವೆ ಎಲ್ಲ ಓದುವ ಹಾಗಿತ್ತು. ಇಡೀ ವರ್ಷ ನನ್ನ ಹೆಸರಿನ ಮುಂದೆ ಗೈರುಹಾಜರಿ ಎಂದರೆ ಎರಡು ದಿನ, ಅದೂ ಸಂಕ್ರಾಂತಿಯ ಆಸುಪಾಸಿನಲ್ಲಿ. ಕೈ ಮುರಿದುಕೊಂಡ ಹುಡುಗ ಇಷ್ಟು ನಿಷ್ಠೆಯಿಂದ ಶಾಲೆಗೆ ಬಂದಿರಲಾರ. ನನಗೆ ಅವಮಾನವಾದಂತಾಯಿತು.

ಆರನೇ ಕ್ಲಾಸಿನ ಪುಸ್ತಕ ಟ್ರಂಕಿನ ತಳದಲ್ಲಿತ್ತು. ಅಣ್ಣನ ಹೆಸರು. ಜೂನ್‌ನಿಂದ ಸಾಲಾಗಿ ಹಾಜರಿ. ನವೆಂಬರ್ ನಡುವೆ ಒಂದು ದಿನ ನಿಂತುಹೋಗಿದೆ. ಡಿಸೆಂಬರಿನಲ್ಲಿ ಒಂದೂ ಇಲ್ಲ. ಮತ್ತೆ ಶುರುವಾಗುವುದು ಜನವರಿಯಲ್ಲಿ, ಹಬ್ಬ ಮುಗಿದ ಮೇಲೆ.

“ಯಾರದು ಸಾರ್?”

“ನಮ್ಮಣ್ಣಂದು. ಆಗ ಮಾವಿನ ಮರದಿಂದ ಬಿದ್ದು ಕೈ ಮುರ್ಕೊಂಡಿದ್ದ.”

ಮುಖ್ಯೋಪಾಧ್ಯಾಯಿನಿ ಪುಸ್ತಕದ ಕಡೆ ಬಗ್ಗಿದರು. ತಿಂಗಳು ನೋಡಿದರು. ಅವರ ಮುಖ ಅರಳಿತು. “ಕಾರ್ತಿಕ ಮಾಸದಲ್ಲಾ? ಮಾವಿನ ಮರದ ಮೇಲೆ ಏನಿತ್ತು ಸಾರ್, ದೀಪ ಹಚ್ಚೋಕೆ ಹತ್ತಿದ್ರಾ?”

ಮೂವತ್ತು ವರ್ಷ. ಊರ ತುಂಬ ಮಾವು ಬೆಳೆಯುವ ಜನ, ಹೂವು ಯಾವಾಗ, ಕಾಯಿ ಯಾವಾಗ ಎಂದು ನಿದ್ದೆಯಲ್ಲಿ ಹೇಳಬಲ್ಲವರು. ನವೆಂಬರಿನಲ್ಲಿ ಬೆನ್ನಿಶಾ ಹಣ್ಣಿಗೆ ಮರ ಹತ್ತಿದ ಹುಡುಗನ ಕಥೆಯನ್ನು ಒಬ್ಬರೂ ಪ್ರಶ್ನಿಸಿರಲಿಲ್ಲ. ಇತಿಹಾಸ ಓದಿದ ನಾನೂ.

ಸೀದಾ ಮನೆಗೆ ನಡೆದೆ. ಅಣ್ಣ ಶಿಫ್ಟಿಗೆ ಹೋಗಿದ್ದ. ಅಮ್ಮ ಜಗುಲಿಯಲ್ಲಿ ನೆನೆಸಿದ ಅವರೆಕಾಳು ಹಿಸುಕುತ್ತಾ ಕೂತಿದ್ದಳು. ಪಕ್ಕದಲ್ಲಿ ಕೂತು ನಾನೂ ಹಿಸುಕತೊಡಗಿದೆ.

“ಅಮ್ಮಾ, ಅಣ್ಣ ಬಿದ್ದಾಗ ಮರದಲ್ಲಿ ಹಣ್ಣಿತ್ತಾ?”

ಅಮ್ಮ ಕೈಯಲ್ಲಿದ್ದ ಒಂದು ಹಿಡಿ ಕಾಳು ಹಿಸುಕಿ ಮುಗಿಸಿದಳು. ಆಮೇಲೆ, “ಮುಳಬಾಗಿಲಲ್ಲಿ ಮೂಳೆಗೆ ಕಟ್ಟು ಕಟ್ಟೋನು ಕೇಳ್ದ, ಏನಾಯ್ತು ಅಂತ” ಎಂದಳು. “ನಿಮ್ಮಪ್ಪ ಬಾಯೇ ಬಿಡ್ಲಿಲ್ಲ. ಬಸ್ಸಲ್ಲಿ ಮುಳಬಾಗಿಲ ತನಕ ಅವನ್ನ ತೊಡೆ ಮೇಲೆ ಮಲಗಿಸ್ಕೊಂಡು ಬಂದಿದ್ರು, ಅಲ್ಲೂ ಬಾಯ್ ಬಿಡ್ಲಿಲ್ಲ. ನಾನೇ ಮರದಿಂದ ಬಿದ್ದ ಅಂದೆ. ಯಾವ ಮರ ಅಂದ. ನಮ್ ಕಡೆ ಇನ್ಯಾವ ಮರ ಐತೆ? ಮಾಮಿಡಿ ಚೆಟ್ಟು ಅಂದುಬಿಟ್ಟೆ.”

“ಅವನಿಗೆ ಅನುಮಾನ ಬರ್ಲಿಲ್ವಾ, ಆ ಕಾಲದಲ್ಲಿ ಮಾವಿನ ಮರ ಯಾಕೆ ಅಂತ?”

“ಮುಳಬಾಗಿಲೋನಿಗೆ ಮಾವಿನ ಕಾಲ ಏನ್ ಗೊತ್ತು!” ಎಂದಳು ಅಮ್ಮ, ಆ ದುಃಖದಲ್ಲೂ ಶ್ರೀನಿವಾಸಪುರದ ಮಾನ ಬಿಡದೆ.

“ಬತ್ತಿ ಹಚ್ಚಿದ್ದು ನಾನು.”

“ಗೊತ್ತು.”

“ಅಪ್ಪ ‘ಯಾರು’ ಅಂದ್ರು.”

“ಅವನು ‘ನಾನು’ ಅಂದ.”

“ಯಾಕೆ?”

“ನಂಗೇನ್ ಗೊತ್ತು. ಅವನ್ನೇ ಕೇಳು. ನೀನು ಕಂಬದ ಹಿಂದೆ ಚಡ್ಡೀಲಿ ಉಚ್ಚೆ ಹುಯ್ಕೊಂಡು ನಿಂತಿದ್ದೆ, ಅದನ್ನ ನೋಡಿ ಅಂದ್ನೇನೋ.” ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, “ಆಮೇಲೆ ನಿಮ್ಮಪ್ಪ ಅವನ ಎದುರು ಕೂತು ಯಾವತ್ತೂ ಉಣ್ಲಿಲ್ಲ. ನೋಡಿದೀಯಾ? ಗೋಡೆ ಕಡೆ ತಿರುಕ್ಕೊಂಡು ಉಣ್ಣೋರು” ಎಂದಳು.

ನೋಡಿದ್ದೆ. ಅಪ್ಪ ಗೋಡೆಗೆ ಮುಖ ಮಾಡಿ ಊಟ ಮಾಡುತ್ತಿದ್ದರು. ಅದು ಅವರ ಅಭ್ಯಾಸ ಎಂದುಕೊಂಡಿದ್ದೆ. ಹುಳವನ್ನು ಎರಡು ಬೆರಳಲ್ಲಿ ಹೂವಿನ ಹಾಗೆ ಎತ್ತುತ್ತಿದ್ದ ಮನುಷ್ಯ. ಆ ಕೈ, ಈ ಕೈ ಎರಡೂ ಅವರದೇ. ಅದನ್ನು ಒಟ್ಟಿಗೆ ಇಟ್ಟು ನೋಡಲು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ.

ಅಂತೂ ನಮ್ಮ ಮನೆಯಲ್ಲಿ ಪಾಲು ಆಗಿದ್ದು ಹೀಗೆ: ಮುರಿದ ಕೈ ಅಣ್ಣನಿಗೆ, ನೋವಿನ ನೆನಪು ನನಗೆ. ಅವನು ತನ್ನ ಪಾಲಿಗೆ ಒಂದು ಮರ ನೆಟ್ಟುಕೊಂಡ, ನಾನು ನನ್ನ ಪಾಲಿಗೆ ಒಂದು ಕೈ ಕಟ್ಟಿಕೊಂಡೆ.

ಆ ಭಾನುವಾರ ಹುಳ ಹಣ್ಣಾದವು. ಹಣ್ಣಾದ ಹುಳ ಬಂಗಾರದ ಬಣ್ಣಕ್ಕೆ ತಿರುಗಿ ತಲೆ ಆಡಿಸುತ್ತಾ ಜಾಗ ಹುಡುಕುತ್ತದೆ. ಆಗ ಮನೆಮಂದಿಯೆಲ್ಲ ಸೇರಿ ಒಂದೊಂದನ್ನೇ ಆರಿಸಿ, ಅದು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡಬೇಕು. ಅಣ್ಣ ರಜೆ ಹಾಕಿದ್ದ, ನನ್ನನ್ನೂ ಕರೆಸಿಕೊಂಡಿದ್ದ. ಆ ಶೆಡ್ಡಿನಲ್ಲಿ ದನಿ ಎತ್ತುವಂತಿಲ್ಲ. ಹಾಗಾಗಿ ನಮ್ಮಿಬ್ಬರ ಜೀವಮಾನದ ದೊಡ್ಡ ಜಗಳ ಪಿಸುಮಾತಿನಲ್ಲೇ ನಡೆಯಿತು.

“ನವೆಂಬರಲ್ಲಿ ಬೆನ್ನಿಶಾ ಹಣ್ಣು ಇರ್ತದಾ?” ಎಂದು ಪಿಸುಗುಟ್ಟಿದೆ.

“ಯಾವನ್ಲಾ ಹೇಳ್ದೋನು ಇರ್ತದೆ ಅಂತ?”

“ನೀನೇ. ನೀನು ಬಿದ್ದಿದ್ದು ನವೆಂಬರಲ್ಲಿ. ಹಾಜರಿ ಪುಸ್ತಕ ನೋಡ್ಕೊಂಡು ಬಂದೆ.”

ಅಣ್ಣ ನಾಲ್ಕಾರು ಹುಳ ಚಂದ್ರಿಕೆಗೆ ಬಿಟ್ಟ. “ಹಣ್ಣಿಗಲ್ಲ ಹಂಗಾದ್ರೆ. ಸೊಪ್ಪಿಗೆ ಹತ್ತಿದ್ನೇನೋ, ಮೇಕೆಗೆ.”

“ನಮ್ಮನೇಲಿ ಮೇಕೆ ಇತ್ತಾ?”

“ಇರ್ಲಿಲ್ಲ.” ಮತ್ತೆರಡು ಹುಳ. “ಗಿಳಿ ಮರಿಗೆ?”

“ನಿಂಗೆ ನೆನಪಿದೆಯಾ ಗಿಳಿ?”

“ಇಲ್ಲ.” ತನ್ನ ಎಡಗೈಯನ್ನು ಮೆಲ್ಲಗೆ ಚಾಚಿದ. ಅದು ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಿತು. ಅದನ್ನು ಬೇರೆಯವರ ಕೈ ನೋಡುವ ಹಾಗೆ ನೋಡಿದ.

“ಸೊಳ್ಳೆ ಬತ್ತಿ ಹಚ್ಚಿದ್ದು ನಾನು ಕಣೋ,” ಎಂದೆ. “ಅಪ್ಪ ಕೇಳ್ದಾಗ ನೀನು ‘ನಾನು’ ಅಂದೆ. ಮುರಿದಿದ್ದು ಅಪ್ಪ. ಅಮ್ಮ ಒಪ್ಕೊಂಡ್ಲು.”

ಅವನು ಚಂದ್ರಿಕೆ ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ ಬಲಗೈ ಎತ್ತಿದ.

ನಾನು ಬಗ್ಗಿದೆ. ಶೆಡ್ಡಿನ ಆ ತುದಿಯಲ್ಲಿ, ನಮ್ಮ ಮಾತು ಕೇಳಿಸದಷ್ಟು ದೂರದಲ್ಲಿ ಹುಳ ಆರಿಸುತ್ತಿದ್ದ ಪಾಪಳೂ ಬಗ್ಗಿದಳು. ಹುಳ ಇರುವ ಮನೆಯಲ್ಲೂ ಬಗ್ಗಿದಳು.

ಅಣ್ಣನ ಕೈ ನನ್ನ ತಲೆಯ ಮೇಲೆ ಬಂದು, ಕೂದಲಲ್ಲಿ ಹರಿಯುತ್ತಿದ್ದ ಒಂದು ಹುಳವನ್ನು ಎರಡು ಬೆರಳಲ್ಲಿ ಎತ್ತಿಕೊಂಡಿತು. ಅವನು ಅದನ್ನು ಅಂಗೈ ಮೇಲಿಟ್ಟುಕೊಂಡು ನನ್ನನ್ನು ನೋಡಿದ, ಮಗಳನ್ನು ನೋಡಿದ. ಈ ಸಲ ನಗಲಿಲ್ಲ.

“ನಾನೂ ಹಿಂಗೇ ಬಗ್ತಿದ್ನೇನ್ಲಾ?” ಎಂದು ಕೇಳಿದ.

“ಗೊತ್ತಿಲ್ಲ,” ಎಂದೆ. “ನಾನು ಕಂಬದ ಹಿಂದೆ ಇದ್ದೆ.”

ಆಮೇಲೆ ಸಾಯಂಕಾಲದವರೆಗೆ ಹುಳ ಆರಿಸಿದೆವು. ಒಂದು ಸಲ ಮಾತ್ರ ಅವನು, ಯಾರಿಗೋ ಎನ್ನುವಂತೆ, ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಹಿಂದಿನಿಂದ ಜೋರಾಗಿ ಕರೆದರೆ ಲೈನಿನಲ್ಲಿ ನಿಂತ ಅಷ್ಟೂ ಜನ ಕತ್ತು ಒಳಗೆಳೆದುಕೊಳ್ಳುತ್ತಾರೆ ಎಂದ. “ಆಮೆ ಥರ. ನಾವು ಅದನ್ನ ನೋಡಿ ನಗ್ತೀವಿ.” ಮರುದಿನ ಕ್ಲಾಸಿನಲ್ಲಿ ಬೋರ್ಡು ಒರೆಸಲು ಡಸ್ಟರ್ ಎತ್ತಿದಾಗ ನಾನು ತಿರುಗಿ ನೋಡಿದೆ. ಮುಂದಿನ ಬೆಂಚಿನಲ್ಲಿ ಮೂರು ಜನ ಕಣ್ಣು ಮುಚ್ಚಿದ್ದರು. ಅವರಿಗೆ ನಾನು ಯಾವತ್ತೂ ಹೊಡೆದವನಲ್ಲ. ಹಾಗೆಂದು ನನ್ನ ನೆನಪು.

ಮೂರು ವಾರ ಬಿಟ್ಟು, ಹೇಳದೆ ಕೇಳದೆ ಊರಿಗೆ ಹೋದೆ. ಗೂಡು ಮಾರ್ಕೆಟ್ಟಿಗೆ ಹೋಗಿ ಎಷ್ಟೋ ದಿನವಾಗಿತ್ತು. ಶೆಡ್ಡಿಗೆ ಸುಣ್ಣ ಹೊಡೆದು ಬೀಗ ಹಾಕಿದ್ದರು. ಬೀಗ ಎಳೆದು ನೋಡಿಯೇ ಮುಂದೆ ಬಂದೆ. ಪಾಪ ಎಲ್ಲಿರಬಹುದು ಎಂಬ ಯೋಚನೆಯಲ್ಲಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಂತೆ ಒಳಗಿನಿಂದ ಅಣ್ಣ ಪಿಸುಗುಟ್ಟಿದ:

“ಮೆಲ್ಲಗೆ ಬಾರ್ಲಾ. ಮನೇಲಿ ಹುಳ ಐತೆ.”

ಹಜಾರದಲ್ಲಿ, ಟೀವಿಯ ಪಕ್ಕ ಒಂದು ಸ್ಟೂಲು. ಅದರ ಮೇಲೆ ಅಪ್ಪನ ಕಾಲದ ಬಿದಿರಿನ ತಟ್ಟೆ, ಮೇಲೆ ಪೇಪರ್ ಹೊದಿಸಿತ್ತು. ಸ್ಟೂಲಿಗೆ ಒರಗಿ ಪಾಪ ಭಾಗಾಕಾರ ಮಾಡುತ್ತಿದ್ದಳು. ಅಣ್ಣ ಎದುರು ಕೂತು ಹೇಳಿಕೊಡುತ್ತಿದ್ದ. ಅವನಿಗೂ ಭಾಗಾಕಾರ ಅಷ್ಟಾಗಿ ಬರುವುದಿಲ್ಲ. ಒಮ್ಮೆ ತಪ್ಪಾಯಿತು. ಎರಡನೇ ಸಲವೂ ಅದೇ ತಪ್ಪು. ಮೂರನೇ ಸಲಕ್ಕೆ ಅವನ ಕೈ ಎದ್ದಿತು. ಪಾಪ ಬಗ್ಗಿದಳು, ಅದೇನು ಮೂರು ವಾರದಲ್ಲಿ ಹೋಗುವಂಥದ್ದಲ್ಲ. ಕೈ ಗಾಳಿಯಲ್ಲೇ ನಿಂತಿತು. ಅವನು ತಟ್ಟೆಯ ಕಡೆ ನೋಡಿದ, ಒಂದು ಸಲ ಉಸಿರು ಬಿಟ್ಟ, ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತನ್ನ ತಲೆಯನ್ನೇ ಪರಪರ ಕೆರೆದುಕೊಂಡ.

“ಇನ್ನೊಂದ್ ಸಲ ಮಾಡು ಪಾಪ,” ಎಂದ ಪಿಸುದನಿಯಲ್ಲಿ. ಎದ್ದು ಮುಖ ತೊಳೆಯಲು ಹಿತ್ತಲಿಗೆ ಹೋದ.

ನಾನು ಅನುಮಾನದ ಪ್ರಾಣಿ. ಅವನು ಮರೆಯಾದದ್ದೇ ಸ್ಟೂಲಿನ ಹತ್ತಿರ ಹೋಗಿ ಪೇಪರಿನ ಒಂದು ಮೂಲೆ ಎತ್ತಿದೆ.

“ಮುಚ್ಚು ಚಿಕ್ಕಪ್ಪಾ,” ಎಂದಳು ಪಾಪ, ಪುಸ್ತಕದಿಂದ ತಲೆ ಎತ್ತದೆ. “ಗಾಳಿ ಹೋಗ್ತದೆ.”

ಮುಚ್ಚುವ ಮುಂಚೆ ಸರಿಯಾಗಿ ನೋಡಿದ್ದೇನೆ. ಈ ಬರಹದಲ್ಲಿರುವ ಉಳಿದೆಲ್ಲದಕ್ಕೂ ‘ಬಹುಶಃ’ ಸೇರಿಸಿಕೊಂಡು ಓದಬಹುದು, ಇದಕ್ಕೆ ಬೇಡ. ಆ ತಟ್ಟೆಯಲ್ಲಿ ಒಂದೂ ಹುಳ ಇರಲಿಲ್ಲ.